ಸೋಮವಾರದ ದೀಪ

ಸೋಮವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆದ ಮೇಲೂ ಎದುರಿನ ಹಳದಿ ದೀಪ ಆರಲಿಲ್ಲ. ಎಂಜಿನ್ನಿಗೆ ಏನೋ ಆಗಿದೆ ಎಂದು ಹೇಳುವ ದೀಪ ಅದು; ಅದರೊಳಗಿನ ಚಿತ್ರ ತಿಪ್ಪೇಸ್ವಾಮಿಯವರ ಕಣ್ಣಿಗೆ ಮಾತ್ರ ಊರ ಬಾವಿಯ ಪಂಪ್‌ಸೆಟ್ಟಿನ ಹಾಗೆ ಕಾಣುತ್ತಿತ್ತು. ಇದು ಸತತ ಆರನೇ ಸೋಮವಾರ. ಮೆಟ್ರೋ ಸ್ಟೇಷನ್ನಿನ ಕಡೆ ಹೋಗಬೇಕಾದ ಕಾರನ್ನು ಅವರು ಸೆಕ್ಟರ್ ಮಾರ್ಕೆಟ್ಟಿನ ಹಿಂದಿರುವ ಸತ್‌ಬೀರನ ಗ್ಯಾರೇಜಿಗೆ ತಿರುಗಿಸಿದರು.

"ಇವತ್ತು ಸರಿಹೋಗದಿದ್ರೆ ನಾಳೆ ಗುಜರಿಗೆ ಕೊಟ್ಟುಬಿಡ್ತೀನಿ," ಎಂದು ಮನೆಯಲ್ಲಿ ಹೇಳಿಯೇ ಹೊರಟಿದ್ದರು. ಹೆಂಡತಿ ಸುಶೀಲಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಅಷ್ಟು ಆತುರ ಯಾಕೆ?" ಎಂದಿದ್ದರು. ಹದಿಮೂರು ವರ್ಷದ ಕಾರು. ದೆಹಲಿ ಸೀಮೆಯಲ್ಲಿ ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ಆಯಸ್ಸು. ಇನ್ನೂ ಎರಡು ವರ್ಷ ಇರುವಾಗ ಗುಜರಿಗೆ ಕೊಡುವುದೆಂದರೆ, ಹಾಲು ಕೊಡುವ ಎಮ್ಮೆಯನ್ನು ಸಂತೆಗೆ ಹೊಡೆದಷ್ಟು ಸಂಕಟ ತಿಪ್ಪೇಸ್ವಾಮಿಯವರಿಗೆ.

ಸತ್‌ಬೀರ್ ಸ್ಕ್ಯಾನರ್ ಚುಚ್ಚಿದ. ಅದೇ ಸೆನ್ಸರು. ನಾಲ್ಕು ಸಲ ಆ ಸೆನ್ಸರಿನ ವೈರು ತುಂಡಾಗಿತ್ತು. ನಾಲ್ಕು ಸಲವೂ, "ಹಳೇ ವೈರು ಅಂಕಲ್‌ಜೀ, ಒಣಗಿ ಮುರೀತಿದೆ," ಎಂದು ಅವನು ಬೆಸೆದು ಕಳಿಸಿದ್ದ. ಐದನೇ ಸಲ ಹೊಸ ವೈರನ್ನೇ ಹಾಕಿದ್ದ. ಈಗ ಬಾನೆಟ್ ಎತ್ತಿ ನೋಡಿದರೆ ಆ ಹೊಸದೂ ತುಂಡು. ಅವನು ಸ್ಕ್ಯಾನರನ್ನು ಪಕ್ಕಕ್ಕಿಟ್ಟು ಟೈರಿನ ಮೇಲೆ ಕೂತ.

"ಅಂಕಲ್‌ಜೀ, ಭಾನುವಾರ ಈ ಗಾಡಿ ತಗೊಂಡು ಎಲ್ಲಿಗೆ ಹೋಗ್ತೀರಿ?"

ದನದ ಡಾಕ್ಟರು ಮೊದಲು, ಏನು ಮೇಯಿಸಿದ್ರಿ ಎಂದು ಕೇಳುವುದನ್ನು ನೋಡಿ ಬೆಳೆದವರು ತಿಪ್ಪೇಸ್ವಾಮಿ. ಪ್ರಶ್ನೆ ಸರಿಯಾಗಿದೆ ಎನಿಸಿತು. ಉತ್ತರ ಮಾತ್ರ ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರೊಬ್ಬರು ಹೇಳುವಂಥದ್ದಾಗಿರಲಿಲ್ಲ.

"ಕಾಲುವೆ ಹತ್ರ."

"ಏನು ಮಾಡೋಕೆ?"

"ಇಲಿ ಬಿಡೋಕೆ."

ಮನೆಯಲ್ಲಿ ಇಲಿ ಕಾಟ. ಗಣಪನ ವಾಹನಕ್ಕೆ ವಿಷ ಇಡಕೂಡದೆಂದು ಸುಶೀಲಮ್ಮನ ಹಠ. ಹಾಗಾಗಿ ಶನಿವಾರ ಬೋನಿಗೆ ಕೊಬ್ಬರಿ ಚೂರು, ಭಾನುವಾರ ಬೋನಿನಲ್ಲಿ ಇಲಿ. ಅದಕ್ಕೂ ಮುಂಚೆ ಭಾನುವಾರವೆಂದರೆ ತಿಪ್ಪೇಸ್ವಾಮಿ ಪೇಪರನ್ನು ಮುಖಕ್ಕೆ ಹೊದ್ದು ಮಲಗುವ ದಿನ. ಈಗ ಸುಶೀಲಮ್ಮ ಬೋನನ್ನು ತೊಡೆ ಮೇಲಿಟ್ಟುಕೊಂಡು, ಕಾಲ ಬಳಿ ಚಹಾದ ಫ್ಲಾಸ್ಕು, ಮಂಡಕ್ಕಿ ಡಬ್ಬಿ ಇಟ್ಟುಕೊಂಡು ಕಾರು ಹತ್ತುತ್ತಿದ್ದರು. ದಂಡೆಯ ಮೇಲೆ ಗಾಡಿ ನಿಲ್ಲಿಸಿ, ಮುಂದಿನ ಚಕ್ರದ ಪಕ್ಕದಲ್ಲೇ ಬೋನಿನ ಬಾಗಿಲು ತೆಗೆಯುವುದು. ಆಮೇಲೆ ಕಾರಿಗೆ ಬೆನ್ನು ಹಾಕಿ, ಚಳಿಗಾಲದ ಎಳೆಬಿಸಿಲಿಗೆ ಮುಖ ಕೊಟ್ಟು, ಇಬ್ಬರೂ ಒಂದು ಗಂಟೆ ಕೂರುವುದು. ಆರು ವಾರಕ್ಕೆ ಆರು ಇಲಿ.

"ಬಿಟ್ಟ ಇಲಿ ಎಲ್ಲಿಗೆ ಹೋಯ್ತು, ನೋಡಿದ್ರಾ?"

"ಹುಲ್ಲಿನ ಕಡೆ ಹೋಗಿರುತ್ತೆ."

ಸತ್‌ಬೀರ್ ಸ್ಕ್ರೂಡ್ರೈವರಿನಿಂದ ಬ್ಯಾಟರಿಯ ಹಿಂದೆ ತಿವಿದ. ಬೂದು ಬಣ್ಣದ್ದೊಂದು ಹೊರಬಂದು, ಇಬ್ಬರನ್ನೂ ನೋಡಿ, ತಿರುಗಿ ಎಂಜಿನ್ನಿನ ಒಳಕ್ಕೆ ನುಸುಳಿತು. ಕೊನೆಗೆ ಕಂಡದ್ದು ಅದರ ಬಾಲ: ಬೆರಳುದ್ದವೂ ಇಲ್ಲದ ಮೋಟು.

"ಈ ಚಳೀಲಿ ಬಿಸಿ ಎಂಜಿನ್ ಪಕ್ಕದಲ್ಲೇ ಇರೋವಾಗ ಹುಲ್ಲಿಗೆ ಯಾಕೆ ಹೋಗುತ್ತೆ? ನೀವೇ ಕರ್ಕೊಂಡು ಹೋಗ್ತೀರಿ, ನೀವೇ ಕರ್ಕೊಂಡು ಬರ್ತೀರಿ. ಹೊತ್ತು ಹೋಗಬೇಕಲ್ಲ, ವೈರು ಕಡೀತಾ ಕೂರುತ್ತೆ." ಸತ್‌ಬೀರ್ ನಗು ತಡೆದುಕೊಂಡ. "ಅಚ್ಛಾ, ಆರಕ್ಕೂ ಬಾಲ ಹೀಗೇ ಇತ್ತಾ?"

"ಹೌದು," ಎಂದರು ತಿಪ್ಪೇಸ್ವಾಮಿ ಮೆಲ್ಲಗೆ. "ಈ ಕಡೆ ಇಲಿಗಳ ಬಾಲವೇ ಹೀಗೆ ಅಂದ್ಕೊಂಡಿದ್ದೆ."

ಚಿಕ್ಕವರಿದ್ದಾಗ ಮುನ್ನೂರು ಕುರಿಗಳ ಹಿಂಡಿನಲ್ಲಿ ಯಾವುದು ಯಾರ ಮನೆಯದೆಂದು ಮುಖ ನೋಡಿಯೇ ಹೇಳುತ್ತಿದ್ದವರು ಅವರು. ಅದನ್ನು ಸತ್‌ಬೀರನಿಗೆ ಹೇಳಲು ಹೋಗಲಿಲ್ಲ.

ಸತ್‌ಬೀರ್ ವೈರು ಬೆಸೆದು, ಅದರ ಸುತ್ತ ತಂಬಾಕಿನ ನೀರಿನಲ್ಲಿ ನೆನೆಸಿದ ಬಟ್ಟೆ ಕಟ್ಟಿ, ದೀಪ ಆರಿಸಿದ. "ಇನ್ನು ಇದಕ್ಕೆ ಬಾಯಿ ಹಾಕಲ್ಲ. ಗಾಡಿ ಗಟ್ಟಿಯಾಗಿದೆ, ಗುಜರಿ ಮಾತೆಲ್ಲ ಬಿಡಿ. ಇಲಿ ಇಳಿಸೋದು ಮಾತ್ರ ನನ್ನ ಕೈಲಾಗಲ್ಲ. ಮನೆ ಬಂದ ಮೇಲೆ ಅದೇ ಇಳಿಯುತ್ತೆ, ದಾರಿ ಗೊತ್ತಿದೆಯಲ್ಲ."

ಸಂಜೆ ಸುಶೀಲಮ್ಮ ಮೊರದ ತುಂಬ ಮೆಂತ್ಯ ಸೊಪ್ಪು ಹಾಕಿಕೊಂಡು ಬಿಡಿಸುತ್ತಿದ್ದರು.

"ಆರೂ ವಾರ ಒಂದೇ ಇಲಿಯಂತೆ ಕಣೇ."

"ಮೋಟು ಬಾಲದ್ದು ತಾನೇ?" ತಲೆ ಎತ್ತದೆ ಕೇಳಿದರು.

"ನಿನಗೆ ಗೊತ್ತಿತ್ತಾ?"

"ಎರಡನೇ ವಾರವೇ. ತೊಡೆ ಮೇಲೆ ಇಟ್ಕೊಂಡು ಹೋಗೋಳು ನಾನಲ್ವಾ?"

"ಹೇಳೋಕೇನಾಗಿತ್ತು? ನಾಳೆ ಗಾಡಿ ಗುಜರಿಗೆ ಹೋಗ್ತಿತ್ತಲ್ಲೇ."

"ಕೊಬ್ಬರಿ ಮುಗಿದಿದೆ, ತರಬೇಕು," ಎಂದು ಸುಶೀಲಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು.

ಮುಂದಿನ ಭಾನುವಾರ ಬೋನಿನಲ್ಲಿ ಮೋಟು ಬಾಲ ಹಾಜರಿತ್ತು. ತಿಪ್ಪೇಸ್ವಾಮಿ ಈ ಸಲ ಮೋಸಹೋಗುವವರಲ್ಲ. ಕಾರಿನ ಸಹವಾಸವೇ ಬೇಡ, ಸೆಕ್ಟರಿನ ಆಚೆಯ ಬಯಲಿಗೆ ನಡೆದೇ ಹೋಗಿ ಬಿಟ್ಟು ಬರುವುದೆಂದು ಮಫ್ಲರ್ ಸುತ್ತಿಕೊಂಡು, ಬೋನು ಹಿಡಿದು ಹೊರಗೆ ಬಂದರು.

ಕಾರಿನ ಮುಂದಿನ ಸೀಟಿನಲ್ಲಿ ಸುಶೀಲಮ್ಮ ಆಗಲೇ ಕೂತಾಗಿತ್ತು. ಪೆಟ್ಟಿಗೆಯಿಂದ ತೆಗೆದ ಸೀರೆ, ಅದರ ಮೇಲೆ ಶಾಲು. ಬೋನಿನ ಜಾಗದಲ್ಲಿ, ತೊಡೆಯ ಮೇಲೆ, ಫ್ಲಾಸ್ಕೂ ಮಂಡಕ್ಕಿ ಡಬ್ಬಿಯೂ ಇದ್ದವು.

"ಅದು ಮನೇಲೇ ಇರ್ಲಿ ಬಿಡಿ," ಎಂದರು. "ನಾವು ಹೋಗ್ಬರೋಣ."