ಹುಳದ ಹೊಟ್ಟೆಯಲ್ಲಿ ಸಿಕ್ಕಿದ್ದು

ಮೀನುಗಾರರ ಸಂಘದ ಸಭೆಯಲ್ಲಿ ಪ್ರೊಫೆಸರರು ಖಚಿತವಾಗಿ ಹೇಳಿದರು: ನೀರಿನಲ್ಲಿ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ಮೀನುಮರಿಗಳನ್ನು ತಿಂದು ಮುಗಿಸುತ್ತಿವೆ, ಕೆರೆಗೆ ಹುಳ ಮಾತ್ರ ಸಾಯುವ ವಿಷ ಹಾಕಿಸಿ.

ಅವರ ವಿದ್ಯಾರ್ಥಿನಿ ಶಾರ್ವರಿ ಎದ್ದು ನಿಂತಳು. “ಕೆರೆಯ ನೂರು ಹುಳಗಳ ಹೊಟ್ಟೇಲಿದ್ದ ಪ್ರೋಟೀನನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದೀನಿ ಸರ್. ಎಲ್ಲಾ ಸೊಳ್ಳೆಮರಿಗಳದ್ದೇ. ಮೀನಿಂದು ಒಂದರಲ್ಲೂ ಇಲ್ಲ.”

ಪ್ರೊಫೆಸರರು ಅವಳು ಮುಂದಿಟ್ಟ ವರದಿಯನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕೆ ಹಾಕಿದರು. “ಹುಳದ ಹೊಟ್ಟೆ ಬಗೆಯೋದನ್ನೇ ವಿಜ್ಞಾನ ಅಂದ್ಕೊಂಡಿದಾಳೆ. ನನ್ನ ತೊಟ್ಟೀಲಿ ಹುಳ ಸಾಕಿ ಇಪ್ಪತ್ತು ವರ್ಷ ಕಣ್ಣಾರೆ ಕಂಡಿದೀನಿ, ಅವು ತಿನ್ನೋದು ಮೀನನ್ನೇ.”

ಶಾರ್ವರಿ ಕೇಳಿದಳು. “ಆ ತೊಟ್ಟಿಗೆ ಸೊಳ್ಳೆಮರೀನೂ ಬಿಟ್ಟಿದ್ರಾ ಸರ್?”

ಪ್ರೊಫೆಸರರು ಸಭೆಯ ಕಡೆ ತಿರುಗಿ ನಕ್ಕರು. “ಮೀನು ತಿನ್ನೋ ಹುಳಕ್ಕೆ ಮೀನಲ್ಲದೆ ಬೇರೇನಮ್ಮ ಹಾಕ್ತಾರೆ?”