ಬ್ಯಾರನ್ನಿನೊಳಗಿನ ಮಾತು

ತಂಬಾಕಿನ ಬ್ಯಾರನ್ನಿನ ಗೋಡೆಗೆ ಕಿವಿ ಹಚ್ಚಿ ನಿಂತ ಪರಮೇಶನಿಗೆ ಹೆಂಡತಿಯ ದನಿ ಸ್ಪಷ್ಟವಾಗಿ ಕೇಳಿತು.

"ಇಷ್ಟು ದಿನ ಬಾಯಿ ಮುಚ್ಕಂಡಿದ್ದೆ. ಇನ್ನಾಗಕಿಲ್ಲ. ನಾಳೆ ಎಲ್ಲರ ಮುಂದೂ ಹೇಳ್ಬುಡ್ತೀನಿ."

ಯಾರೊಡನೆ ಈ ಮಾತು? ತಂಬಾಕಿನ ಸೊಪ್ಪು ಬೇಯಿಸಿ ಒಣಗಿಸುವ ಕಾಲ ಮುಗಿದು ಬ್ಯಾರನ್ನು ಖಾಲಿ ಬಿದ್ದಿತ್ತು. ದನ ಕಟ್ಟಿ ಬರುತ್ತೇನೆಂದು ಹೊರಡುವ ನೀಲಾಂಬಿಕೆ ಒಂದು ವಾರದಿಂದ ಸಂಜೆ ಸಂಜೆ ಇಲ್ಲಿಗೇ ಬಂದು ಸೇರಿಕೊಳ್ಳುತ್ತಿದ್ದಳು.

ಸುದರ್ಶನನ ನೆನಪಾಗಿ ಪರಮೇಶನ ಮೈ ಉರಿಯಿತು. ಪಂಚಾಯ್ತಿಗೆ ಹೊಸದಾಗಿ ಬಂದ ಪಿಡಿಒ ಅವನು. ಇಸ್ತ್ರಿ ಮುರಿಯದ ಅಂಗಿ, ನಯವಾದ ಮಾತು. ಪರಮೇಶ ಕೊಣನೂರು ಸಂತೆಗೆ ಹೋದ ದಿನವೇ ಅವನ ಬೈಕು ಮನೆ ಮುಂದೆ ನಿಲ್ಲುತ್ತಿತ್ತಂತೆ. "ಕಾಗ್ದ ತಂದಿದ್ರು ಕಣ್ರೀ" ಎಂದಿದ್ದಳು ಹೆಂಡತಿ, ಮುಖ ಕೊಡದೆ. ಅಯ್ಯೋ, ಕಾಗದ ಕೊಟ್ಟು ಹೋಗಲು ಅಷ್ಟು ಹೊತ್ತು ಬೇಕೆ?

ಒಳಗೆ ಸಣ್ಣ ನಗು. "ನಿಜ ಹೇಳಿ ಸಾ, ಇದು ನನ್ ಕೈಲಾಯ್ತದಾ? ಎದೆ ಡವಡವ ಅಂತದೆ."

ಸ್ಪೀಕರಿಗೆ ಹಾಕಿದ ಫೋನಿನಿಂದ ಸುದರ್ಶನನ ದನಿ ಬಂತು: "ಒಂದ್ಸಲ ಧೈರ್ಯ ಮಾಡಿ. ನಿಮಗೆ ಒಗ್ಗುತ್ತೋ ಇಲ್ವೋ ಆಮೇಲೆ ನಿಮಗೇ ಗೊತ್ತಾಗುತ್ತೆ."

"ನಮ್ಮೆಜಮಾನ್ರಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಬಿಡಿ."

ಪರಮೇಶ ಬಾಗಿಲ ತನಕ ಹೋದ. ಬಾಗಿಲು ಒದ್ದು ಒಳನುಗ್ಗಬಹುದಿತ್ತು. ಆದರೆ ನುಗ್ಗಿ ಕೇಳಿದರೆ ಅವಳು ಹೌದು ಎಂದುಬಿಟ್ಟರೆ? ಆ ಭಯಕ್ಕೇ ಸದ್ದಿಲ್ಲದೆ ಮನೆಗೆ ಬಂದ. ಊಟದ ತಟ್ಟೆ ಹಾಗೇ ಬಿಟ್ಟು ಎದ್ದ. ಇಪ್ಪತ್ತು ವರ್ಷ ಬಾಳಿದವಳು ಕೈಬಿಟ್ಟು ಹೋಗುವುದೆ? ಅದೂ ಊರ ಮುಂದೆ!

"ನಾಳೆ ಗ್ರಾಮಸಭೆಗೆ ನೀನು ಬರೋದ್ ಬ್ಯಾಡ" ಎಂದ.

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಶಾಲೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. "ಅಧ್ಯಕ್ಷರು ಬಂದ್ರು, ದಾರಿ ಬಿಡ್ರಲಾ!" ಎಂದು ಮುದುಕ ಮಂಚಯ್ಯ ಕೂಗಿದ. ಪರಮೇಶ ಎಂದಿನಂತೆ ನಡುವಿನ ಕುರ್ಚಿಯಲ್ಲಿ ಕೂತು ಹಾರ ಹಾಕಿಸಿಕೊಂಡ. ಚುನಾವಣೆ ಮುಗಿದಾಗಿನಿಂದ ಊರಿನ ಮೈಕು ಅವನ ಕೈಯಲ್ಲೇ. ಪಕ್ಕದಲ್ಲಿ ಸುದರ್ಶನ ತಲೆ ತಗ್ಗಿಸಿ ಕೂತಿದ್ದ. ಕಳ್ಳ!

ಪರಮೇಶ ಮಾತಾಡಲು ಎದ್ದ. ಹೆಂಗಸರ ಸಾಲಿನಿಂದ ನೀಲಾಂಬಿಕೆಯೂ ಎದ್ದು, ನೆಟ್ಟಗೆ ಬಂದು ಮೈಕಿಗೆ ಕೈ ಚಾಚಿದಳು.

"ನೀಲಾ, ಮನೆಗೋಗಿ ಮಾತಾಡನ. ಇಲ್ಲಿ ಮಾತ್ರ ಬ್ಯಾಡ, ನಿನ್ ದಮ್ಮಯ್ಯ" ಎಂದು ಪಿಸುಗುಟ್ಟಿದ.

"ಇಲ್ಲೇ ಹೇಳ್ಬೇಕು ಕಣ್ರೀ. ಕೊಡಿ."

ಅವಳು ಮೈಕು ತೆಗೆದುಕೊಂಡು ಜನರ ಕಡೆ ತಿರುಗಿದಳು. ಸುದರ್ಶನ ಎದ್ದು ನಿಂತ. ಪರಮೇಶ ಕಣ್ಣು ಮುಚ್ಚಿಕೊಂಡ.

"ಎಲ್ಲರಿಗೂ ನಮಸ್ಕಾರ. ನಾನು ನೀಲಾಂಬಿಕೆ, ನೀವು ಗೆಲ್ಸಿದ ಪಂಚಾಯ್ತಿ ಅಧ್ಯಕ್ಷೆ. ಇವ್ರು ನಮ್ಮ ಯಜಮಾನ್ರು."