ಭಾಷಣ ಬರೆದವನು

ಕೋರ್ಟಿನ ಅಂಗಳದಲ್ಲಿ ಚಪ್ಪಾಳೆ ಬಿದ್ದಾಗಲೆಲ್ಲ ವಕೀಲ ಹಾರ್ಲನ್ ಟೀಗ್‌ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ವೇದಿಕೆಯ ಮೇಲೆ ರಾಯ್ಸ್ ಪರ್ವಿಸ್ ಆಡುತ್ತಿದ್ದ ಒಂದೊಂದು ಮಾತೂ ಟೀಗ್ ಬರೆದುಕೊಟ್ಟದ್ದು. ಅಲಬಾಮದ ಈ ಕೌಂಟಿಯಲ್ಲಿ ಪಕ್ಷಕ್ಕಾಗಿ ಆಯುಷ್ಯವೆಲ್ಲ ಬೆವರು ಸುರಿಸಿದವನು ಅವನು. ಚುನಾವಣೆಯ ಟಿಕೆಟ್ಟು ಸಿಕ್ಕಿದ್ದು ಕಂಚಿನ ಕಂಠದ ರಾಯ್ಸ್‌ಗೆ.

"ಏನ್ ಮಾತಾಡ್ತಾನಪ್ಪಾ," ಎಂದು ಪಕ್ಕದಲ್ಲಿ ಸುಟ್ಟ ಹಂದಿಮಾಂಸ ಮೆಲ್ಲುತ್ತಿದ್ದ ಮುದಿ ಜಡ್ಜ್ ಹಾಬ್ಸನ್ ತಿವಿದರು. "ನೀನೂ ಇದೀಯ, ಬಾಯ್ಬಿಟ್ರೆ ಜ್ಯೂರಿಯವರೆಲ್ಲಾ ತೂಕಡಿಸ್ತಾರೆ."

ಟೀಗ್ ಮುಖ ತಿರುಗಿಸಿದ. ಎದುರು ಬೆಂಚಿನ ತುದಿಯಲ್ಲಿ ಅವನ ಹೆಂಡತಿ ಅಡೀಲ್ ಬೀಸಣಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು, ರಾಯ್ಸ್‌ಗಿಂತ ಒಂದು ಪದ ಮುಂದೆ. ವಾರವಿಡೀ ಊಟದ ಮೇಜಿನಲ್ಲಿ ಗಂಡ ಓದಿ ಹೇಳಿದ ಭಾಷಣ ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು. ಟೀಗ್‌ನ ಎದೆ ತಣ್ಣಗಾಯಿತು. ಊರೆಲ್ಲ ರಾಯ್ಸ್‌ನ ಕಡೆಗಾದರೇನು, ಮಾತು ಯಾರದೆಂದು ಇವಳಿಗೆ ಗೊತ್ತಿದೆಯಲ್ಲ.

ಅಷ್ಟರಲ್ಲಿ ರಾಯ್ಸ್ ಕಾಗದ ಮಡಚಿ ಜೇಬಿಗಿಟ್ಟ. "ಬರ್ಕೊಂಡು ಬಂದಿದ್ದು ಸಾಕು ಕಣ್ರಪ್ಪಾ. ಈಗ ತಾನೇ ಒಂದು ಹೊಳೀತು. ನಮ್ಮ ಎದುರಾಳಿ ನಮ್ಮಪ್ಪನ ಹೇಸರಗತ್ತೆ ಇದ್ದಂಗೆ. ಉಳೋ ಹೊತ್ತಿಗೆ ಕುಂಟ್ತದೆ, ಮೇವಿನ ಹೊತ್ತಿಗೆ..." ಎಂದು ನಿಲ್ಲಿಸಿ, ಜನರ ಮುಖ ನೋಡುತ್ತ ನಿಂತ. ಟೀಗ್ ಬರೆಯದ, ಎಂದೂ ಕೇಳದ ಮಾತು ಅದು. ಇಡೀ ಅಂಗಳ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅಡೀಲ್ ಕಾಯಲಿಲ್ಲ. ಮೊದಲು ಅವಳ ತುಟಿಗಳು ಆಡಿದವು, ಆಮೇಲೆ ರಾಯ್ಸ್‌ನ ಬಾಯಿ: "...ಕುದುರೆಗಿಂತ ಮುಂದೆ."